'ಸರ್ವರ್ ತಡ್ಕೊಳ್ಳಲ್ಲ' ಅನ್ನೋ ಮಾತು ಎಷ್ಟು ನಿಜ?

ಸಾರ್ವಜನಿಕ ದಾಖಲೆಯೊಂದನ್ನು ಒಬ್ಬೊಬ್ಬರದಾಗಿ ಅಲ್ಲ, ಪೂರ್ತಿ ಪಟ್ಟಿಯಾಗಿ ಕೊಡಿ ಅಂತ ಕೇಳಿ ನೋಡಿ. ಸಿಗುವ ಉತ್ತರಗಳಲ್ಲಿ ಒಂದು ಬಹಳ ತಾಂತ್ರಿಕವಾಗಿ ಕೇಳಿಸುತ್ತದೆ: "ಅಷ್ಟು ದೊಡ್ಡ ಡೇಟಾ ಒಂದೇ ಸಲ ತೆಗೆದರೆ ಸರ್ವರ್ ತಡ್ಕೊಳ್ಳಲ್ಲ. ವೆಬ್‌ಸೈಟ್‌ನಲ್ಲೇ ಇದೆ, ಒಂದೊಂದೇ ಪುಟ ನೋಡಿಕೊಳ್ಳಿ." ಕಂಪ್ಯೂಟರ್ ಗೊತ್ತಿಲ್ಲದವರು ಇಲ್ಲಿಗೆ ಸುಮ್ಮನಾಗುತ್ತಾರೆ. ಗೊತ್ತಿರುವವರೂ ಎಷ್ಟೋ ಸಲ ತಲೆಯಾಡಿಸುತ್ತಾರೆ, ಯಾಕಂದ್ರೆ ದೊಡ್ಡ ರಿಪೋರ್ಟ್ ಒತ್ತಿದ ತಕ್ಷಣ ಸರ್ವರ್ ಮಕಾಡೆ ಮಲಗಿದ್ದನ್ನು ಅವರು ಕಣ್ಣಾರೆ ಕಂಡಿರುತ್ತಾರೆ.

ಆ ಉತ್ತರ ಪೂರ್ತಿ ಸುಳ್ಳಲ್ಲ. ಸರ್ವರ್ ನಿಜವಾಗಿಯೂ ಬೀಳಬಹುದು. ಆದರೆ ಬೀಳೋದು ಡೇಟಾ ದೊಡ್ಡದು ಅನ್ನೋ ಕಾರಣಕ್ಕಲ್ಲ, ಅದನ್ನು ತರುವ ರೀತಿ ಕೆಟ್ಟದಾಗಿರುವುದಕ್ಕೆ. ಇನ್ನೂ ತಮಾಷೆ ಏನಂದ್ರೆ, ಸರ್ವರ್ ಉಳಿಸೋಕೆ ಅಂತ ಮಾಡುವ 'ಒಂದೊಂದೇ ಪುಟ' ಏರ್ಪಾಡು ಬಹಳಷ್ಟು ಕಡೆ ಅದೇ ಸರ್ವರ್‌ಗೆ ಸಾವಿರಾರು ಪಟ್ಟು ಹೆಚ್ಚು ಕೆಲಸ ಹಚ್ಚುತ್ತದೆ. ಇದರ ಲೆಕ್ಕವನ್ನು ಸ್ವಲ್ಪ ನಿಧಾನಕ್ಕೆ ನೋಡೋಣ. ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರಿಗೆ ಕೆಲವು ಭಾಗ ಹಳೇ ಸುದ್ದಿ ಅನಿಸಬಹುದು. ಉಳಿದವರು ಇದನ್ನು ತಿಳಿದುಕೊಂಡರೆ ಮುಂದಿನ ಸಲ ಆ ಉತ್ತರ ಬಂದಾಗ ಸುಮ್ಮನೆ ವಾಪಸ್ ಬರಬೇಕಿಲ್ಲ.

ಉದಾಹರಣೆಗೆ ಜಾವಾವನ್ನೇ ತೆಗೆದುಕೊಳ್ಳೋಣ. ಬ್ಯಾಂಕು, ವಿಮೆ, ಟೆಲಿಕಾಂ, ಸರ್ಕಾರ ಹೀಗೆ ದೊಡ್ಡ ಸಂಸ್ಥೆಗಳ ಒಳಗಿನ ಸಾಫ್ಟ್‌ವೇರ್‌ನಲ್ಲಿ ದೊಡ್ಡದೊಂದು ಪಾಲು ಇವತ್ತಿಗೂ ಜಾವಾದಲ್ಲೇ ಓಡುತ್ತದೆ. ನಮ್ಮ ಬೆಂಗಳೂರಿನದೇ ಒಂದು ನಿದರ್ಶನ ಇದೆ. 2003ರಲ್ಲಿ ಶುರುವಾದ ಇಗವ್ ಫೌಂಡೇಶನ್ ಕಟ್ಟಿದ 'ಡಿಜಿಟ್' ಅನ್ನೋ ವೇದಿಕೆ ಪಂಜಾಬಿನ ನಗರಸಭೆಗಳೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಆಸ್ತಿ ತೆರಿಗೆ, ಟ್ರೇಡ್ ಲೈಸೆನ್ಸ್, ದೂರು ಇಂಥವನ್ನೆಲ್ಲ ನೋಡಿಕೊಳ್ಳುತ್ತದೆ. ಜಾವಾ, ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಿಂತ ಅದರ ಕೋಡ್ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿದೆ, ಯಾರು ಬೇಕಾದರೂ ಓದಬಹುದು. ಸಾರ್ವಜನಿಕ ದುಡ್ಡಿನಲ್ಲಿ ಓಡುವ ಎಲ್ಲ ಸಾಫ್ಟ್‌ವೇರೂ ಹೀಗೇ ಇರಬೇಕಿತ್ತು ಅನ್ನೋದು ಬೇರೆ ಚರ್ಚೆ.

ದೊಡ್ಡದು ಅಂದರೆ ಎಷ್ಟು ದೊಡ್ಡದು?

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ಮಹದೇವಪುರ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿ ಹಿಡಿದು ಪತ್ರಿಕಾಗೋಷ್ಠಿ ಮಾಡಿದ್ದು ನೆನಪಿರಬಹುದು. 1,00,250 ಮತಗಳ ಬಗ್ಗೆ ಅವರು ಆರೋಪ ಮಾಡಿದರು, ಚುನಾವಣಾ ಆಯೋಗ ಅದನ್ನು ಅಲ್ಲಗಳೆಯಿತು. ಆ ಜಗಳದ ತೀರ್ಪು ಇಲ್ಲಿ ಬೇಡ. ನನಗೆ ಆವತ್ತು ಹೆಚ್ಚು ಕಾಡಿದ್ದು ಅವರು ಹೇಳಿದ ಇನ್ನೊಂದು ಮಾತು: ಪಟ್ಟಿ ಸಿಕ್ಕಿದ್ದು ಕಾಗದದಲ್ಲಿ, ಕಾಗದದ ರಾಶಿ ಏಳು ಅಡಿ ಎತ್ತರ, ಅದನ್ನು ತಾಳೆ ಹಾಕೋಕೆ ಆರು ತಿಂಗಳು ಹಿಡಿಯಿತು.

ಒಂದು ಕ್ಷೇತ್ರದಲ್ಲಿ ಆರೂವರೆ ಲಕ್ಷ ಮತದಾರರು ಅಂತಿಟ್ಟುಕೊಳ್ಳಿ. ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು, ಲಿಂಗ, ಗುರುತಿನ ಚೀಟಿ ಸಂಖ್ಯೆ, ಮತಗಟ್ಟೆ ಎಲ್ಲ ಸೇರಿ ಒಂದು ಸಾಲಿಗೆ ಧಾರಾಳವಾಗಿ 300 ಬೈಟ್ ಕೊಡೋಣ. ಒಟ್ಟು 200 ಎಂಬಿಗೂ ಕಡಿಮೆ. ಜಿಪ್ ಮಾಡಿದರೆ ಅದರ ಒಂದು ಸಣ್ಣ ಭಾಗ. ಮದುವೆ ಮನೆಯ ವಿಡಿಯೋ ವಾಟ್ಸಾಪ್‌ನಲ್ಲಿ ಕಳಿಸುವ ಕಾಲದಲ್ಲಿ ಇದನ್ನು 'ದೊಡ್ಡ ಡೇಟಾ' ಅನ್ನೋದು ಕಷ್ಟ. ಆದರೂ ಇದೇ 200 ಎಂಬಿ ಒಂದು ಜಾವಾ ಅಪ್ಲಿಕೇಶನ್ನನ್ನು ಕೆಡವಬಲ್ಲದು. ಹೇಗೆ ಅಂತ ನೋಡಿ.

ಕೊಪ್ಪರಿಗೆ, ಸೌಟು, ಬಕೆಟ್

ಪಂಕ್ತಿ ಊಟವನ್ನು ನೆನೆಸಿಕೊಳ್ಳಿ. ಅಡುಗೆಮನೆ ಅಂದರೆ ಡೇಟಾಬೇಸ್. ಊಟದ ಹಾಲ್ ಅಂದರೆ ಜಾವಾ ಅಪ್ಲಿಕೇಶನ್. ಇವೆರಡರ ಮಧ್ಯೆ ಓಡಾಡುವ ಬಡಿಸುವವನಿಗೆ 'ಡ್ರೈವರ್' ಅಂತ ಹೆಸರು. 'ಈ ಕ್ಷೇತ್ರದ ಎಲ್ಲ ಹೆಸರು ತಾ' ಅಂತ ಅಪ್ಲಿಕೇಶನ್ ಕೇಳಿದಾಗ ಬಡಿಸುವವನು ಎಷ್ಟು ಹೊತ್ತು ತರಬೇಕು? ಎಲ್ಲ ಸಮಸ್ಯೆಯ ಬೇರು ಈ ಒಂದು ಪ್ರಶ್ನೆಯಲ್ಲಿದೆ.

ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್‌ಗೆ ನೀವೇನೂ ಹೇಳದಿದ್ದರೆ ಅದು ಕೊಪ್ಪರಿಗೆಯನ್ನೇ ಹಾಲ್‌ಗೆ ಎಳೆದು ತರುತ್ತದೆ. ಆರೂವರೆ ಲಕ್ಷ ಸಾಲೂ ಮೆಮೊರಿಗೆ ಬಂದ ಮೇಲೇ ಮೊದಲ ಸಾಲು ನಿಮ್ಮ ಪ್ರೋಗ್ರಾಂ ಕೈಗೆ ಸಿಗುತ್ತದೆ. ಮೈಸೀಕ್ವೆಲ್ ಡ್ರೈವರ್‌ದೂ ಇದೇ ಚಾಳಿ. ಒರಾಕಲ್‌ನದು ತದ್ವಿರುದ್ಧ: ಅದು ತಾನಾಗಿ ಒಂದು ಸಲಕ್ಕೆ 10 ಸಾಲು ಮಾತ್ರ ತರುತ್ತದೆ, ಅಂದರೆ ಸೌಟಿನಲ್ಲಿ ಬಡಿಸಿದ ಹಾಗೆ. ಆರೂವರೆ ಲಕ್ಷ ಸಾಲಿಗೆ 65,000 ಸಲ ಅಡುಗೆಮನೆಗೂ ಹಾಲ್‌ಗೂ ಓಡಾಟ. ಒಂದು ಓಡಾಟಕ್ಕೆ ಒಂದು ಮಿಲಿಸೆಕೆಂಡ್ ಅಂದರೂ ಬರೀ ನಡಿಗೆಯಲ್ಲೇ 65 ಸೆಕೆಂಡ್ ಹೋಯಿತು. ಸಲಕ್ಕೆ 1,000 ಸಾಲು ತರೋಕೆ ಹೇಳಿದರೆ ಓಡಾಟ 650ಕ್ಕೆ ಇಳಿಯುತ್ತದೆ, ನಡಿಗೆಯ ಸಮಯ ಒಂದು ಸೆಕೆಂಡಿಗೂ ಕಡಿಮೆ. ಇದೇ ಬಕೆಟ್. ಈ ಬಕೆಟ್‌ನ ಅಳತೆಗೆ 'ಫೆಚ್ ಸೈಜ್' ಅಂತಾರೆ. ಜಾವಾದಲ್ಲಿ ಇದನ್ನು ಹೊಂದಿಸುವ ಸೌಲಭ್ಯ 1998ರಿಂದಲೂ ಇದೆ. ಒಂದೇ ಒಂದು ಸಾಲಿನ ಕೋಡ್.

ಒಂದೇ ಸಾಲಾದರೆ ಎಲ್ಲರೂ ಯಾಕೆ ಬರೆಯಲ್ಲ? ಬರೆದವರೂ ಮೋಸ ಹೋಗುತ್ತಾರೆ, ಅದೇ ಕಥೆ. ಪೋಸ್ಟ್‌ಗ್ರೆಸ್‌ನಲ್ಲಿ ಫೆಚ್ ಸೈಜ್ ಹೇಳಿದರೂ ಸಾಲದು, 'ಆಟೋ ಕಮಿಟ್' ಅನ್ನೋದನ್ನು ಆಫ್ ಮಾಡಿರಬೇಕು. ಅಂದರೆ ಕ್ವೆರಿ ಒಂದು ಟ್ರಾನ್ಸಾಕ್ಷನ್ನಿನ ಒಳಗೆ ನಡೆಯಬೇಕು. ಇಲ್ಲದಿದ್ದರೆ ಡ್ರೈವರ್ ನಿಮ್ಮ ಮಾತನ್ನು ತಳ್ಳಿಹಾಕಿ ಕೊಪ್ಪರಿಗೆಯನ್ನೇ ತರುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಮೈಸೀಕ್ವೆಲ್‌ನದು ಇನ್ನೂ ವಿಚಿತ್ರ. ಅಲ್ಲಿ ಸಾಲು ಸಾಲಾಗಿ ಹರಿದುಬರಬೇಕಾದರೆ ಫೆಚ್ ಸೈಜ್ ಜಾಗದಲ್ಲಿ ಮೈನಸ್ 2,14,74,83,648 ಅಂತ ಕೊಡಬೇಕು, ಜಾವಾದ ಅತಿ ಸಣ್ಣ ಪೂರ್ಣಾಂಕ ಅದು. ಸಲಕ್ಕೆ ಮೈನಸ್ ಇನ್ನೂರ ಹದಿನಾಲ್ಕು ಕೋಟಿ ಸಾಲು ತಾ ಅನ್ನೋದಕ್ಕೆ ಅರ್ಥವೇ ಇಲ್ಲ, ಅದೊಂದು ಗುಟ್ಟಿನ ಸನ್ನೆ ಅಷ್ಟೇ. ಹಾಗೆ ಬೇಡ ಅಂದರೆ ಕನೆಕ್ಷನ್ ಹೊಂದಿಸುವಾಗಲೇ ಕರ್ಸರ್ ಬೇಕು ಅಂತ ಬೇರೆ ಹೇಳಬೇಕು. ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ 200 ಸಾಲಿನ ಟೆಸ್ಟ್ ಡೇಟಾ ಇಟ್ಟುಕೊಂಡು ಪರೀಕ್ಷೆ ಮಾಡುವಾಗ ಇದ್ಯಾವುದೂ ಕಣ್ಣಿಗೆ ಬೀಳಲ್ಲ. ಸಮಸ್ಯೆ ಹುಟ್ಟೋದು ನಿಜವಾದ ಊರಿನ ನಿಜವಾದ ಜನಸಂಖ್ಯೆ ಬಂದಾಗ.

ಕೊಪ್ಪರಿಗೆ ಹಾಲ್‌ಗೆ ಬಂದರೆ ಏನು ಕಷ್ಟ? ಅದು ಒಳಗೆ ಬಂದ ಮೇಲೆ ಉಬ್ಬುತ್ತದೆ. ಜಾವಾದಲ್ಲಿ ಹೆಸರಿನಂಥ ಪ್ರತಿ ಪಠ್ಯವೂ ಒಂದು ವಸ್ತು, ಪ್ರತಿ ವಸ್ತುವಿಗೂ ತನ್ನದೇ ತಲೆಭಾರ. 'ಮಂಜುನಾಥ' ಅನ್ನೋ ಹೆಸರು ಯುಟಿಎಫ್-8ರಲ್ಲಿ 21 ಬೈಟ್. ಅದೇ ಹೆಸರು ಸಾಮಾನ್ಯ 64 ಬಿಟ್ ಜಾವಾದ ಮೆಮೊರಿಯಲ್ಲಿ 56 ಬೈಟ್ ಆಗುತ್ತದೆ. ಇಂಗ್ಲಿಷ್ ಹೆಸರುಗಳಿಗೆ 2017ರಲ್ಲಿ ಬಂದ ಜಾವಾ 9ರಿಂದ ಅಕ್ಷರಕ್ಕೆ ಒಂದೇ ಬೈಟ್ ಸಾಕಾಗುತ್ತದೆ, ಕನ್ನಡಕ್ಕೆ ಈಗಲೂ ಎರಡು ಬೇಕು. ಹೀಗೆ ಒಂದು ಸಾಲು ಸುಲಭವಾಗಿ ಒಂದು ಕೆಬಿ ದಾಟುತ್ತದೆ, ಒಟ್ಟು 650 ಎಂಬಿ. ಮಧ್ಯದಲ್ಲಿ ಹೈಬರ್ನೇಟ್ ಇದ್ದರೆ ಲೆಕ್ಕ ಇನ್ನೂ ಏರುತ್ತದೆ. ಹೈಬರ್ನೇಟ್ ಅಂದರೆ ಡೇಟಾಬೇಸ್ ಸಾಲುಗಳನ್ನು ಜಾವಾ ವಸ್ತುಗಳನ್ನಾಗಿ ಮಾಡಿಕೊಡುವ, ಬಹಳ ಜನ ಬಳಸುವ ಸಾಧನ. ಅದು ಪ್ರತಿ ಸಾಲನ್ನೂ ನೆನಪಿಟ್ಟುಕೊಳ್ಳುತ್ತದೆ, ಜೊತೆಗೆ ಅದರ ಮೂಲ ರೂಪದ ಒಂದು ಪ್ರತಿಯನ್ನೂ ಇಟ್ಟುಕೊಳ್ಳುತ್ತದೆ. ಮುಂದೆ ಯಾರಾದರೂ ತಿದ್ದಿದರೆ ಏನು ಬದಲಾಯಿತು ಅಂತ ಹೋಲಿಸೋಕೆ. ಬರೀ ಓದಿ ಕಳಿಸುವ ರಿಪೋರ್ಟ್‌ಗೆ ಈ ಪ್ರತಿ ಪೂರ್ತಿ ದಂಡ. ಓದಲಿಕ್ಕೆ ಮಾತ್ರ ಅಂತ ಮೊದಲೇ ಹೇಳಿದರೆ ಅಥವಾ ಪ್ರತಿ ಸಾವಿರ ಸಾಲಿಗೊಮ್ಮೆ ಅದರ ನೆನಪನ್ನು ಖಾಲಿ ಮಾಡುತ್ತ ಹೋದರೆ ಈ ಹೊರೆ ಇಳಿಯುತ್ತದೆ.

8 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಜಾವಾ ತಾನಾಗಿ ತೆಗೆದುಕೊಳ್ಳುವ ಮಿತಿ ಅದರ ಕಾಲು ಭಾಗ, ಅಂದರೆ 2 ಜಿಬಿ. ಇಬ್ಬರು ಮೂವರು ಒಟ್ಟಿಗೆ ಆ ರಿಪೋರ್ಟ್ ಒತ್ತಿದರೆ ಮುಗಿಯಿತು, ಮೆಮೊರಿ ಖಾಲಿ. ಬೀಳೋದು ರಿಪೋರ್ಟ್ ಕೇಳಿದವರ ಪುಟ ಮಾತ್ರ ಅಲ್ಲ. ಅದೇ ಸರ್ವರ್‌ನಲ್ಲಿ ತನ್ನ ಒಂದೇ ಒಂದು ಅರ್ಜಿಯ ಸ್ಥಿತಿ ನೋಡೋಕೆ ಕೂಲಿ ಬಿಟ್ಟು ಬಂದು ಕೌಂಟರ್ ಮುಂದೆ ನಿಂತಿರುವ ಅಜ್ಜಿಯ ಕೆಲಸವೂ ನಿಲ್ಲುತ್ತದೆ. ಅವರಿಗೆ ಕಿಟಕಿಯಿಂದ ಕೇಳಿಸೋದು ಎರಡೇ ಪದ: ಸರ್ವರ್ ಬ್ಯುಸಿ.

ಬಕೆಟ್‌ನಲ್ಲಿ ತಂದಿದ್ದರೆ? ಯಾವ ಕ್ಷಣದಲ್ಲಿ ನೋಡಿದರೂ ಮೆಮೊರಿಯಲ್ಲಿ ಇರೋದು 1,000 ಸಾಲು, ಹತ್ತಿರ ಹತ್ತಿರ ಒಂದು ಎಂಬಿ. ತಂದದ್ದನ್ನು ಫೈಲಿಗೆ ಬರೆ, ಬಿಡು, ಮುಂದಿನ ಬಕೆಟ್ ತಾ. ಪಟ್ಟಿ ಒಂದು ಕ್ಷೇತ್ರದ್ದಾದರೂ ಇಡೀ ರಾಜ್ಯದ್ದಾದರೂ ಮೆಮೊರಿ ಅಷ್ಟೇ, ಸಮಯ ಮಾತ್ರ ಹೆಚ್ಚಾಗುತ್ತದೆ.

13,000 ಪುಟಗಳ ಲೆಕ್ಕ

ಈಗ ಆ 'ಒಂದೊಂದೇ ಪುಟ' ವಿಷಯಕ್ಕೆ ಬರೋಣ. ಪುಟಕ್ಕೆ 50 ಸಾಲು ಇದ್ದರೆ ಆರೂವರೆ ಲಕ್ಷ ಸಾಲಿಗೆ 13,000 ಪುಟ. ಕ್ಯಾಪ್ಚಾ ತುಂಬಿ, ಮುಂದೆ ಒತ್ತಿ, ಸೇವ್ ಮಾಡೋಕೆ ಪುಟಕ್ಕೆ 10 ಸೆಕೆಂಡ್ ಅಂದರೂ 36 ಗಂಟೆ. ಇದು ನಾಗರಿಕರ ಖರ್ಚು. ಎಲ್ಲರಿಗೂ ಕಾಣುವ ಖರ್ಚು.

ಕಾಣದ ಖರ್ಚು ಸರ್ವರ್‌ನದು. ಇಂಥ ಪುಟಗಳನ್ನು ಸಾಮಾನ್ಯವಾಗಿ 'ಲಿಮಿಟ್', 'ಆಫ್‌ಸೆಟ್' ಅನ್ನೋ ಎರಡು ಸೂಚನೆಗಳಿಂದ ತೆಗೆಯುತ್ತಾರೆ. ಡಿಜಿಟ್‌ನ ಹುಡುಕಾಟದ ಎಪಿಐಗಳಲ್ಲೂ ಇವೇ ಇವೆ, ಜಗತ್ತಿನ ಎಷ್ಟೋ ವೆಬ್‌ಸೈಟ್‌ಗಳಲ್ಲೂ ಇವೇ. ಆಫ್‌ಸೆಟ್ 6,00,000, ಲಿಮಿಟ್ 50 ಅಂದರೆ ಮೊದಲ ಆರು ಲಕ್ಷ ಬಿಟ್ಟು ಮುಂದಿನ ಐವತ್ತು ಕೊಡು ಅಂತ. ಕೇಳೋಕೆ ಸಲೀಸು. ಆದರೆ ಡೇಟಾಬೇಸ್‌ಗೆ ಆರು ಲಕ್ಷವನ್ನು ಹಾರಿ ದಾಟೋಕೆ ಬರಲ್ಲ. ಪುಟ ಸಂಖ್ಯೆ ಇಲ್ಲದ ದಪ್ಪ ಲೆಡ್ಜರ್‌ನಲ್ಲಿ ಆರುನೂರನೇ ಹಾಳೆ ಬೇಕಂದರೆ ಮೊದಲಿಂದ ಎಣಿಸಲೇಬೇಕಲ್ಲ, ಹಾಗೆ ಅದು ಆರು ಲಕ್ಷದ ಐವತ್ತು ಸಾಲು ನಡೆದು, ಆರು ಲಕ್ಷವನ್ನು ಬಿಸಾಕಿ, ಐವತ್ತನ್ನು ಕೊಡುತ್ತದೆ. ಮುಂದಿನ ಪುಟ ಕೇಳಿದರೆ ಮತ್ತೆ ಒಂದರಿಂದ ಶುರು.

13,000 ಪುಟಗಳನ್ನೂ ಒಬ್ಬರು ತೆರೆದರೆ ಡೇಟಾಬೇಸ್ ಒಟ್ಟು ನಡೆಯುವ ಸಾಲುಗಳನ್ನು ಕೂಡಿಸಿ ನೋಡಿ: 422 ಕೋಟಿಗೂ ಹೆಚ್ಚು. ಕೊಟ್ಟಿದ್ದು ಆರೂವರೆ ಲಕ್ಷ. ಅಂದರೆ ಒಂದೇ ಸಲ ಹರಿಸಿ ಕೊಡೋದಕ್ಕಿಂತ 6,500 ಪಟ್ಟು ಹೆಚ್ಚು ನಡಿಗೆ. ಇದಕ್ಕೆ ಪ್ರತಿ ಪುಟದ ಕೆಳಗೆ 'ಒಟ್ಟು 13,000 ಪುಟಗಳಲ್ಲಿ 412ನೆಯದು' ಅಂತ ತೋರಿಸುವ ಅಲಂಕಾರವನ್ನೂ ಸೇರಿಸಿ. ಸ್ಪ್ರಿಂಗ್‌ನಲ್ಲಿ 'ಪೇಜ್' ಅನ್ನೋ ರೂಪದಲ್ಲಿ ಉತ್ತರ ಕೇಳಿದರೆ ಒಟ್ಟು ಎಷ್ಟು ಸಾಲು ಇದೆ ಅಂತ ಎಣಿಸೋಕೆ ಸಾಮಾನ್ಯವಾಗಿ ಪ್ರತಿ ಪುಟಕ್ಕೂ ಇನ್ನೊಂದು ಕ್ವೆರಿ ಹೋಗುತ್ತದೆ. ಪೋಸ್ಟ್‌ಗ್ರೆಸ್ ಆ ಎಣಿಕೆಯನ್ನು ಬರೆದಿಟ್ಟುಕೊಂಡಿರಲ್ಲ, ಕೇಳಿದಾಗಲೆಲ್ಲ ಎಣಿಸುತ್ತದೆ. ಆರೂವರೆ ಲಕ್ಷವನ್ನು 13,000 ಸಲ ಎಣಿಸಿದರೆ 845 ಕೋಟಿ. ಎಣಿಕೆ ಬೇಡ, ಮುಂದೆ ಇನ್ನೂ ಇದೆಯಾ ಇಲ್ವಾ ಅಷ್ಟೇ ಸಾಕು ಅನ್ನುವವರಿಗೆ 'ಸ್ಲೈಸ್' ಅನ್ನೋ ಇನ್ನೊಂದು ರೂಪ ಅದೇ ಸ್ಪ್ರಿಂಗ್‌ನಲ್ಲಿ ಇದೆ. ಬಳಸುವವರು ಕಡಿಮೆ.

ಇಷ್ಟೆಲ್ಲ ದುಂದಿಗೆ ಪರಿಹಾರ ಅಜ್ಜಿ ರಾಮಾಯಣ ಓದುವಾಗ ಬಳಸುವ ಉಪಾಯವೇ: ನಿಲ್ಲಿಸಿದ ಕಡೆ ಒಂದು ಚೀಟಿ ಇಡೋದು. 'ಆರು ಲಕ್ಷ ಬಿಡು' ಅನ್ನೋ ಬದಲು 'ಕೊನೆಗೆ ಕೊಟ್ಟ ಸಾಲಿನ ಸಂಖ್ಯೆ ಇಂಥದ್ದು, ಅದಕ್ಕಿಂತ ಮುಂದಿನ 1,000 ಕೊಡು' ಅಂತ ಕೇಳಿ. ಆ ಸಂಖ್ಯೆಗೆ ಇಂಡೆಕ್ಸ್ ಇದ್ದರೆ ಡೇಟಾಬೇಸ್ ನೇರವಾಗಿ ಅಲ್ಲಿಗೇ ಹೋಗಿ ಇಳಿಯುತ್ತದೆ, ಮೊದಲ ಪುಟಕ್ಕೂ ಕೊನೆಯ ಪುಟಕ್ಕೂ ಒಂದೇ ಸಮಯ. ಇದಕ್ಕೆ 'ಕೀಸೆಟ್' ವಿಧಾನ ಅಂತ ಹೆಸರು. ಇಂಡೆಕ್ಸ್‌ಗಳ ಬಗ್ಗೆ ಬರೆಯುವ ಮಾರ್ಕಸ್ ವಿನಾಂಡ್ ವರ್ಷಗಳಿಂದ 'ಆಫ್‌ಸೆಟ್ ಬೇಡ' ಅಂತ ಪ್ರಚಾರವನ್ನೇ ಮಾಡುತ್ತಿದ್ದಾರೆ. ಕೀಸೆಟ್‌ನಲ್ಲಿ ನೇರವಾಗಿ 412ನೇ ಪುಟಕ್ಕೆ ಹಾರೋಕೆ ಆಗಲ್ಲ, ಅದೊಂದು ಮಿತಿ. ಆದರೆ 412ನೇ ಪುಟವೇ ಬೇಕು ಅನ್ನುವ ಮನುಷ್ಯನನ್ನು ನಾನಂತೂ ನೋಡಿಲ್ಲ.

ವೇಗಕ್ಕಿಂತ ನನಗೆ ಮುಖ್ಯ ಅನಿಸೋದು ಆಫ್‌ಸೆಟ್‌ನ ಇನ್ನೊಂದು ದೋಷ. ನೀವು ಮೊದಲ ಪುಟದ 1ರಿಂದ 50 ನೋಡಿ ಮುಗಿಸಿದ್ದೀರಿ. ಎರಡನೇ ಪುಟ ತೆರೆಯುವ ಮೊದಲು 20ನೇ ಹೆಸರನ್ನು ಯಾರೋ ಪಟ್ಟಿಯಿಂದ ತೆಗೆದರು. ಕೆಳಗಿನ ಎಲ್ಲರೂ ಒಂದೊಂದು ಸ್ಥಾನ ಮೇಲೆ ಸರಿದರು. 51ನೆಯವರು ಈಗ 50ನೆಯವರು. ನಿಮ್ಮ ಎರಡನೇ ಪುಟ 51ರಿಂದ ಶುರುವಾಗುವುದರಿಂದ ಅವರು ನಿಮಗೆ ಕಾಣಿಸಲೇ ಇಲ್ಲ. ಅವರು ಪಟ್ಟಿಯಲ್ಲಿ ಇದ್ದಾರೆ, ನೀವು ಇಳಿಸಿಕೊಂಡ ಪ್ರತಿಯಲ್ಲಿ ಇಲ್ಲ. ಹೊಸ ಹೆಸರು ಸೇರಿದರೆ ಇದರ ಉಲ್ಟಾ, ಒಬ್ಬರೇ ಎರಡು ಸಲ ಬರುತ್ತಾರೆ. ಕ್ರಮವನ್ನು ಸ್ಪಷ್ಟವಾಗಿ ಹೇಳದೆ ಕ್ವೆರಿ ಬರೆದಿದ್ದರೆ ಯಾವುದೇ ಬದಲಾವಣೆ ಆಗದಿದ್ದರೂ ಹೀಗಾಗಬಹುದು.

ಬಟ್ಟೆ ಮಾರುವ ಆ್ಯಪ್‌ನಲ್ಲಿ ಇದರಿಂದ ಒಂದು ಶರ್ಟ್ ತಪ್ಪಿಹೋದರೆ ಯಾರಿಗೂ ನಷ್ಟ ಇಲ್ಲ. ಮತದಾರರ ಪಟ್ಟಿ, ಪಡಿತರ ಪಟ್ಟಿ, ಪಿಂಚಣಿ ಪಟ್ಟಿ ತಾಳೆ ಹಾಕುವವರಿಗೆ ಇದು ದೊಡ್ಡ ಗಂಡಾಂತರ. 36 ಗಂಟೆ ಕೂತು ಪುಟ ಪುಟವಾಗಿ ಇಳಿಸಿಕೊಂಡ ಪಟ್ಟಿಯಲ್ಲಿ ಎರಡು ಸಲ ಬಂದ ಹೆಸರು ನಿಜವಾಗಿ ಎರಡು ಸಲ ಇದೆಯಾ, ಕಾಣೆಯಾದ ಹೆಸರು ನಿಜವಾಗಿ ಕಾಣೆಯಾಗಿದೆಯಾ ಅನ್ನೋದು ಹೇಳೋಕೆ ಬರಲ್ಲ. ಆರೋಪ ಮಾಡಿದವರು ಮುಜುಗರಕ್ಕೆ ಬೀಳುತ್ತಾರೆ, ಉತ್ತರ ಕೊಡಬೇಕಾದವರು ಸುಲಭವಾಗಿ ಜಾರಿಕೊಳ್ಳುತ್ತಾರೆ. ಪೂರ್ತಿ ಪಟ್ಟಿಯನ್ನು ಒಂದೇ ಕ್ವೆರಿಯಲ್ಲಿ ಹರಿಸಿದರೆ ಈ ತಾಪತ್ರಯವೇ ಇಲ್ಲ. ಕ್ವೆರಿ ಶುರುವಾದ ಕ್ಷಣದಲ್ಲಿ ಪಟ್ಟಿ ಹೇಗಿತ್ತೋ ಹಾಗೇ ಕೊನೆಯವರೆಗೂ ಬರುತ್ತದೆ, ಮಧ್ಯೆ ಯಾರು ಏನೇ ತಿದ್ದಿದರೂ. ಪೋಸ್ಟ್‌ಗ್ರೆಸ್, ಒರಾಕಲ್ ಎರಡೂ ಇದನ್ನು ಖಾತ್ರಿಪಡಿಸುತ್ತವೆ.

ಎಲ್ಲ ಕಾಲಂ ಯಾಕೆ ಬೇಕು?

ಇನ್ನೆರಡು ಸಾಮಾನ್ಯ ತಪ್ಪುಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದು, ಆಸ್ತಿಗಳ ಪಟ್ಟಿ ತೆಗೆದು, ಆಮೇಲೆ ಪ್ರತಿ ಆಸ್ತಿಗೂ 'ಇದರ ಮಾಲೀಕರು ಯಾರು' ಅಂತ ಬೇರೆ ಬೇರೆ ಕ್ವೆರಿ ಕಳಿಸೋದು. ಒಂದು ಲಕ್ಷ ಆಸ್ತಿಗೆ ಒಂದು ಲಕ್ಷದ ಒಂದು ಕ್ವೆರಿ. ಇದಕ್ಕೆ 'ಎನ್ ಪ್ಲಸ್ ಒನ್' ಅಂತಾರೆ. ಹೈಬರ್ನೇಟ್ ಬಳಸುವವರ ಕೋಡ್‌ನಲ್ಲಿ ಇದು ಡೆವಲಪರ್‌ಗೆ ಗೊತ್ತೇ ಆಗದಂತೆ ಹುಟ್ಟಿಕೊಳ್ಳುತ್ತದೆ. ಎರಡು ಟೇಬಲ್‌ಗಳನ್ನು ಜೋಡಿಸಿ ಒಂದೇ ಸಲ ತಂದರೆ ಮುಗಿಯುವ ಕೆಲಸ.

ಇನ್ನೊಂದು, ಬೇಕಾದ ಕಾಲಂಗಳನ್ನಷ್ಟೇ ಕೇಳದೆ 'ಎಲ್ಲ ಕಾಲಂ ತಾ' ಅನ್ನೋದು. ಇದನ್ನು ವೇಗದ ತಪ್ಪು ಅಂತ ಮಾತ್ರ ಪಾಠ ಹೇಳುತ್ತಾರೆ. ಖಾಸಗಿತನದ ದೃಷ್ಟಿಯಿಂದ ನೋಡಿದರೆ ಇದು ಇನ್ನೂ ದೊಡ್ಡ ತಪ್ಪು. ಹೆಸರು, ಊರು, ಮಂಜೂರಾದ ಮೊತ್ತ ಬೇಕಿದ್ದ ರಿಪೋರ್ಟ್‌ಗೆ ಫೋನ್ ನಂಬರ್, ಹುಟ್ಟಿದ ದಿನ, ಬ್ಯಾಂಕ್ ಖಾತೆ, ಫೋಟೋ ಎಲ್ಲವೂ ಡೇಟಾಬೇಸಿನಿಂದ ಎದ್ದು ಬರುತ್ತವೆ, ಅಪ್ಲಿಕೇಶನ್‌ನ ಮೆಮೊರಿಯಲ್ಲಿ ಕೂರುತ್ತವೆ, ಲಾಗ್‌ಗಳಿಗೆ ಸೋರುತ್ತವೆ. ಮೂರು ಕಾಲಂ ಕೇಳುವ ಕ್ವೆರಿ ಹಗುರವೂ ಹೌದು, ಸಭ್ಯವೂ ಹೌದು.

ಹಾಗಂತ ನಲ್ಲಿ ಬಿಟ್ಟು ಕೂರೋಕಾಗಲ್ಲ

ಇಷ್ಟು ಓದಿ 'ಹಾಗಾದರೆ ಎಲ್ಲರಿಗೂ ನೇರವಾಗಿ ಹರಿಸಿಬಿಡಿ' ಅಂದುಕೊಂಡರೆ ಅದೂ ಸರಿಯಲ್ಲ. ಬಕೆಟ್‌ನಲ್ಲಿ ತರುವಷ್ಟು ಹೊತ್ತೂ ಒಂದು ಡೇಟಾಬೇಸ್ ಕನೆಕ್ಷನ್ ಆ ಕೆಲಸಕ್ಕೇ ಮೀಸಲಾಗಿರುತ್ತದೆ. ಸ್ಪ್ರಿಂಗ್ ಬೂಟ್ ಜೊತೆ ಬರುವ ಹಿಕಾರಿ ಅನ್ನೋ ಕನೆಕ್ಷನ್ ಪೂಲ್‌ನಲ್ಲಿ, ನೀವು ಬದಲಾಯಿಸದಿದ್ದರೆ, ಇರೋದು 10 ಕನೆಕ್ಷನ್. ನಿಧಾನ ಇಂಟರ್ನೆಟ್‌ನ ಹತ್ತು ಜನ ಏಕಕಾಲಕ್ಕೆ ಡೌನ್‌ಲೋಡ್‌ಗೆ ಕೂತರೆ ಹತ್ತೂ ಹಿಡಿದುಹೋಗುತ್ತವೆ. ಹನ್ನೊಂದನೆಯವರು 30 ಸೆಕೆಂಡ್ ಕಾದು ಎರರ್ ನೋಡುತ್ತಾರೆ. ಆ ಹನ್ನೊಂದನೆಯವರು ಕೌಂಟರ್ ಮುಂದಿನ ಅದೇ ಅಜ್ಜಿ ಇರಬಹುದು. ಜೊತೆಗೆ ಟ್ರಾನ್ಸಾಕ್ಷನ್ ಗಂಟೆಗಟ್ಟಲೆ ತೆರೆದಿದ್ದರೆ ಪೋಸ್ಟ್‌ಗ್ರೆಸ್‌ಗೆ ಹಳೆಯ ಸಾಲುಗಳ ಕಸ ಗುಡಿಸೋಕೆ ಆಗಲ್ಲ, ಟೇಬಲ್ ಊದಿಕೊಳ್ಳುತ್ತ ಹೋಗುತ್ತದೆ. ಒರಾಕಲ್ ಆದರೆ ಒಂದು ಹಂತದಲ್ಲಿ 'ಸ್ನ್ಯಾಪ್‌ಶಾಟ್ ತುಂಬಾ ಹಳೆಯದಾಯಿತು' ಅಂತ ಕೈ ಎತ್ತಿಬಿಡುತ್ತದೆ. ಕಚೇರಿಯವರ ಭಯದಲ್ಲಿ ಇಷ್ಟರಮಟ್ಟಿಗೆ ಹುರುಳಿದೆ.

ಪರಿಹಾರಕ್ಕೆ ಹೊಸ ಸಂಶೋಧನೆ ಬೇಕಿಲ್ಲ. ಮುಖ್ಯ ಡೇಟಾಬೇಸಿನ ಒಂದು ಪ್ರತಿರೂಪವನ್ನು ಓದೋಕೆ ಅಂತಲೇ ಇಟ್ಟುಕೊಳ್ಳಬೇಕು. ರಾತ್ರಿ, ಯಾರೂ ಬಳಸದ ಹೊತ್ತಲ್ಲಿ, ಒಂದೇ ಒಂದು ಸಲ ಅದರಿಂದ ಬಕೆಟ್ ಬಕೆಟ್ಟಾಗಿ ತೆಗೆದು ಫೈಲಿಗೆ ಬರೆದು, ಜಿಪ್ ಮಾಡಿ, ಸಾಮಾನ್ಯ ಫೈಲ್ ಸರ್ವರ್‌ನಲ್ಲಿ ಇಡಬೇಕು. ಬೆಳಗ್ಗೆ ಹತ್ತು ಜನ ಬಂದರೂ ಹತ್ತು ಸಾವಿರ ಜನ ಬಂದರೂ ಡೇಟಾಬೇಸ್‌ಗೆ ಸುದ್ದಿಯೇ ಮುಟ್ಟಲ್ಲ, ಫೈಲ್ ಇಳಿಯುತ್ತಿರುತ್ತದೆ ಅಷ್ಟೇ. ಕನ್ನಡ ವಿಕಿಪೀಡಿಯದ ಅಷ್ಟೂ ಲೇಖನಗಳನ್ನು ಹೀಗೇ ಒಂದು ಕಡತವಾಗಿ ಇವತ್ತೇ ಇಳಿಸಿಕೊಳ್ಳಬಹುದು. ಬ್ರಿಟನ್ನಿನ ಕಂಪನೀಸ್ ಹೌಸ್ ಅಲ್ಲಿನ ನೋಂದಾಯಿತ ಕಂಪನಿಗಳ ಪೂರ್ತಿ ಪಟ್ಟಿಯನ್ನು ಪ್ರತಿ ತಿಂಗಳು ಉಚಿತವಾಗಿ ಕೊಡುತ್ತದೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯ ತನ್ನ ಇಡೀ ಮತದಾರರ ಪಟ್ಟಿಯನ್ನೇ ವಾರಕ್ಕೊಮ್ಮೆ ವೆಬ್‌ಸೈಟ್‌ಗೆ ಹಾಕುತ್ತದೆ. ಯಾರು ಯಾವ ಪಕ್ಷಕ್ಕೆ ನೋಂದಾಯಿಸಿಕೊಂಡಿದ್ದಾರೆ, ಯಾವ ಜನಾಂಗ ಅನ್ನೋದೂ ಅದರಲ್ಲಿ ಇರುತ್ತದೆ. ಅಷ್ಟು ದೂರ ನಾವು ಹೋಗಬಾರದು ಅಂತಲೇ ನನ್ನ ಅಭಿಪ್ರಾಯ. ಆದರೆ ಸರ್ವರ್ ತಡ್ಕೊಳ್ಳುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಹಾಗಿದ್ದರೆ ಅಡ್ಡಿ ಏನು?

ನ್ಯಾಯವಾಗಿ ಹೇಳಬೇಕಂದರೆ, ಚುನಾವಣಾ ಆಯೋಗ ಸರ್ವರ್ ನೆಪ ಹೇಳಿಲ್ಲ, ಖಾಸಗಿತನದ ಕಾರಣ ಹೇಳಿದೆ. ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಪಟ್ಟಿ ಬೇಕು ಅಂತ ಕಮಲ್ ನಾಥ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 12ರಂದು ಆಯೋಗದ ಪರವಾಗಿ ನಿಂತಿತು. ಬೇಕಾದವರು ಪಿಡಿಎಫ್ ಅನ್ನು ತಮ್ಮ ಶ್ರಮದಿಂದ ಹುಡುಕಬಲ್ಲ ರೂಪಕ್ಕೆ ತಂದುಕೊಳ್ಳಬಹುದು ಅನ್ನೋ ಧಾಟಿಯಲ್ಲಿ ಹೇಳಿತು. ಏಳು ವರ್ಷದ ನಂತರ, 2025ರ ಆಗಸ್ಟ್ 14ರಂದು, ಬಿಹಾರದ ಕರಡು ಪಟ್ಟಿಯಿಂದ ಹೊರಗುಳಿದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ, ಗುರುತಿನ ಚೀಟಿ ಸಂಖ್ಯೆಯಿಂದ ಹುಡುಕುವಂತಿರಲಿ ಅಂತ ಅದೇ ಕೋರ್ಟ್ ಆದೇಶಿಸಿತು. ಖಾಸಗಿತನದ ವಾದಕ್ಕೆ ತೂಕ ಇದೆ. ಊರೂರಿನ ಹೆಸರು, ವಯಸ್ಸು, ಮನೆ ನಂಬರ್ ಯಾರ ಕೈಗೆ ಸಿಕ್ಕಿದರೆ ಏನು ಮಾಡಬಹುದು ಅನ್ನೋದು ನಮಗೂ ಗೊತ್ತು. ಆದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಆ ಕಳ್ಳನನ್ನು ತಡೆಯಲ್ಲ. ದುಡ್ಡಿರುವ ಪಕ್ಷ, ಕಂಪನಿ ಅದನ್ನು ಅಕ್ಷರವಾಗಿ ಪರಿವರ್ತಿಸಿಕೊಳ್ಳುತ್ತದೆ. ತಡೆಯೋದು ತನ್ನ ವಾರ್ಡ್ ತಾಳೆ ನೋಡಬೇಕೆಂದಿರುವ ನಾಲ್ಕು ಜನ ಹುಡುಗ ಹುಡುಗಿಯರನ್ನು ಮಾತ್ರ. ಯಾವ ಕಾಲಂ ಕೊಡಬೇಕು, ಯಾವುದು ಬೇಡ ಅನ್ನೋ ಚರ್ಚೆ ನಡೆಯಲಿ. ಅದು ರಾಜಕೀಯ ಚರ್ಚೆ, ಬಹಿರಂಗವಾಗಿ ನಡೆಯಬೇಕಾದದ್ದು.

ಉಳಿದ ಕಚೇರಿಗಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4(1)(ಎ) ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಮೇತ ಇಡಬೇಕು, ಕಂಪ್ಯೂಟರೀಕರಣ ಮಾಡಬೇಕು ಅನ್ನುತ್ತದೆ. ಸೆಕ್ಷನ್ 2(ಜೆ) ಪ್ರಕಾರ ಕಂಪ್ಯೂಟರ್‌ನಲ್ಲಿರುವ ಮಾಹಿತಿಯನ್ನು ಎಲೆಕ್ಟ್ರಾನಿಕ್ ರೂಪದಲ್ಲೇ ಪಡೆಯೋದು ಹಕ್ಕು. ಸೆಕ್ಷನ್ 7(9) ಕೇಳಿದ ರೂಪದಲ್ಲೇ ಕೊಡಬೇಕು ಅನ್ನುತ್ತದೆ, ಒಂದು ವಿನಾಯಿತಿಯೊಂದಿಗೆ: ಹಾಗೆ ಕೊಡೋದರಿಂದ ಕಚೇರಿಯ ಸಂಪನ್ಮೂಲ ವಿಪರೀತವಾಗಿ ಬೇರೆಡೆಗೆ ಹರಿದುಹೋಗುವಂತಿದ್ದರೆ ಅಥವಾ ದಾಖಲೆಯ ಸುರಕ್ಷತೆಗೆ ಧಕ್ಕೆ ಬರುವಂತಿದ್ದರೆ ಬೇರೆ ರೂಪದಲ್ಲಿ ಕೊಡಬಹುದು. 'ಸರ್ವರ್ ತಡ್ಕೊಳ್ಳಲ್ಲ' ಅನ್ನೋ ಮಾತು ನುಸುಳೋದು ಈ ವಿನಾಯಿತಿಯ ಬಾಗಿಲಲ್ಲಿ. ಕೇಂದ್ರದ 2012ರ ನಿಯಮಗಳಲ್ಲಿ ಒಂದು ಪುಟಕ್ಕೆ 2 ರೂಪಾಯಿ, ಒಂದು ಡಿಸ್ಕೆಟ್‌ಗೆ 50 ರೂಪಾಯಿ. ಆರೂವರೆ ಲಕ್ಷ ಸಾಲನ್ನು ಪುಟಕ್ಕೆ 30ರಂತೆ ಪ್ರಿಂಟ್ ಹಾಕಿದರೆ 43,000 ರೂಪಾಯಿಗೂ ಹೆಚ್ಚು. ಸಂಪನ್ಮೂಲ ಎಲ್ಲಿ ಹರಿದುಹೋಗುತ್ತಿದೆ ಅನ್ನೋದನ್ನು ಮೇಲ್ಮನವಿಯಲ್ಲಿ ಇದೇ ಲೆಕ್ಕ ಹಾಕಿ ತೋರಿಸಬಹುದು.

ಅರ್ಜಿ ಬರೆಯುವಾಗ 'ಎಲ್ಲ ಮಾಹಿತಿ ಕೊಡಿ' ಅಂತ ಬರೆಯಬೇಡಿ. ಬೇಕಾದ ಕಾಲಂಗಳ ಹೆಸರನ್ನು ಒಂದೊಂದಾಗಿ ಬರೆಯಿರಿ, ವೈಯಕ್ತಿಕ ವಿವರಗಳ ಕಾಲಂ ಬೇಡ ಅಂತಲೂ ಬರೆಯಿರಿ. ಸಿಎಸ್‌ವಿ ರೂಪದಲ್ಲಿ ಕೇಳಿ. ಪಟ್ಟಿಯನ್ನು ಡೇಟಾಬೇಸಿನಿಂದ ತೆಗೆದ ದಿನಾಂಕ, ಸಮಯ, ಒಟ್ಟು ಸಾಲುಗಳ ಸಂಖ್ಯೆ ಮೂರನ್ನೂ ಕೇಳಿ, ಆಮೇಲೆ 'ನಿಮ್ಮ ಪ್ರತಿಯೇ ಅರ್ಧಂಬರ್ಧ' ಅನ್ನೋ ಮಾತಿಗೆ ಜಾಗ ಇರಲ್ಲ. ಕನ್ನಡದ ದಾಖಲೆಯಾದರೆ ಯೂನಿಕೋಡ್‌ನಲ್ಲಿ, ಯುಟಿಎಫ್-8ರಲ್ಲಿ ಬೇಕು ಅನ್ನೋದನ್ನು ಬಿಡಬೇಡಿ. ನುಡಿಯ ಹಳೇ ಫಾಂಟ್‌ನಲ್ಲಿ ಬಂದ ಫೈಲ್ ತೆರೆದರೆ ಊರಿನ ಹೆಸರಿನ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳೋಕೆ ಇನ್ನೊಂದು ವಾರ ಬೇಕಾಗುತ್ತದೆ.